ಜೋಳದ ರೊಟ್ಟಿ ಮೂರು ಸಾಲಿನಲ್ಲಿ ಮುಗಿಯುವುದಿಲ್ಲ

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯ ಅಡುಗೆ ಪುಟದಲ್ಲಿ ಜೋಳದ ರೊಟ್ಟಿ ಮಾಡುವ ವಿಧಾನ ಬಂದಿತ್ತು. ‘ಹಿಟ್ಟಿಗೆ ಬಿಸಿನೀರು ಹಾಕಿ ಕಲಸಿ. ಉಂಡೆ ಮಾಡಿ ತಟ್ಟಿ. ಎರಡೂ ಬದಿ ಬೇಯಿಸಿ.’ ಅಷ್ಟೇ. ಪಕ್ಕದಲ್ಲಿ ಉಬ್ಬಿದ ರೊಟ್ಟಿಯ ಚಂದದ ಫೋಟೊ. ರೊಟ್ಟಿ ಬರುವವರಿಗೆ ಈ ವಿಧಾನ ಬೇಕಾಗಿಲ್ಲ. ಬಾರದವರಿಗೆ ಇದರಿಂದ ರೊಟ್ಟಿ ಆಗುವುದಿಲ್ಲ. ಹಾಗಾದರೆ ಇದನ್ನು ಹಾಕಿದ್ದು ಯಾರಿಗಾಗಿ?

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಮನೆ ಗದಗದಲ್ಲಿ. ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿಯ ಬಲಗೈ ಮಣಿಕಟ್ಟು ಬಾತುಕೊಂಡಿತು. ರೊಟ್ಟಿ ಬಡಿಯುವುದನ್ನು ಸದ್ಯಕ್ಕೆ ಬಿಡಬೇಕು ಎಂದರು ಡಾಕ್ಟರು. ನಮ್ಮ ಕಡೆ ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ. ಕೆಲವು ದಿನ ಅಂಗಡಿಯಿಂದ ತಂದೆವು. ಆಮೇಲೆ ನಾನೇ ಕೂತೆ. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳುತ್ತಾ ಹೋದಳು. ಕೈ ನನ್ನದು, ರೊಟ್ಟಿ ಅವಳದು ಅನ್ನಿ.

ಅವಳ ಮೊದಲ ಮಾತು, ‘ತಡೀರಿ, ಎಸರಿನ್ನೂ ಕುದ್ದಿಲ್ಲ.’ ನಿಮ್ಮ ವಿಧಾನದಲ್ಲಿ ಬರೀ ಬಿಸಿನೀರು ಎಂದಿದೆ. ಸ್ನಾನದ ನೀರೂ ಬಿಸಿನೀರೇ ಅಲ್ವಾ? ಗೋಧಿ ಹಿಟ್ಟಿನಲ್ಲಿ ಗ್ಲುಟನ್ ಎಂಬ ಜಿಗುಟು ಪ್ರೋಟೀನ್ ಇರುತ್ತದೆ, ತಣ್ಣೀರಲ್ಲಿ ಕಲಸಿದರೂ ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬರುತ್ತದೆ. ರೊಟ್ಟಿ ನಿಲ್ಲುವುದು ಆ ಅಂಟಿನ ಮೇಲೆ. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಜಿಗಿ ಹೋಗಿರುತ್ತದೆ, ಎಷ್ಟು ಎಸರು ಹಾಕಿದರೂ ಅಷ್ಟೇ. ಅದಕ್ಕೇ ನಮ್ಮಲ್ಲಿ ಜೋಳವನ್ನು ಸ್ವಲ್ಪ ಸ್ವಲ್ಪವೇ ಗಿರಣಿಗೆ ಒಯ್ಯುವುದು. ಚೀಲ ಹೊತ್ತು ಗಿರಣಿಗೆ ಹೋಗುತ್ತಿದ್ದವನು ನಾನೇ. ಕಾರಣ ಗೊತ್ತಾದದ್ದು ಮಾತ್ರ ಈಗ.

ಮುಂದಿನದು ನಾದುವುದು. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು, ಅದೂ ಹಿಟ್ಟು ಕೈ ಸುಡುತ್ತಿರುವಾಗಲೇ. ‘ಆರಿದ ಮ್ಯಾಲೆ ನಾದಿದ್ರ ಅಂಚು ಬಿರೀತಾವ್ರಿ’ ಎಂದಳು. ಬಿರಿದವು.

ಇನ್ನು ಬಡಿಯುವುದು. ಅಡಿಯಲ್ಲಿ ಒಣಹಿಟ್ಟು ಉದುರಿಸಿ ಒಂದು ಕೈಯಿಂದ ಬಡಿಯಬೇಕು, ಇನ್ನೊಂದು ಕೈ ಅಂಚು ಸೀಳದಂತೆ ಕಾಯುತ್ತಿರಬೇಕು. ಪ್ರತಿ ಏಟಿಗೂ ರೊಟ್ಟಿ ಚೂರು ತಿರುಗಬೇಕು. ಇಲ್ಲದಿದ್ದರೆ ನಡು ತೆಳ್ಳಗಾಗಿ ಅಂಚು ದಪ್ಪ ಉಳಿಯುತ್ತದೆ. ಎತ್ತಿ ಹಂಚಿಗೆ ಹಾಕುವಾಗ ಒಣಹಿಟ್ಟಿನ ಬದಿ ಮೇಲೆ ಬರಬೇಕು. ಅದರ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಬೇಗ ತಿರುವಿದರೆ ಹಂಚಿಗೆ ಮೆತ್ತಿಕೊಳ್ಳುತ್ತದೆ, ತಡವಾದರೆ ಬಿರುಕು ಬಿಡುತ್ತದೆ. ಇದೆಲ್ಲ ನಡೆಯುವಾಗ ಮುಂದಿನ ರೊಟ್ಟಿ ಬಡಿಯುತ್ತಿರಬೇಕು. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವಾಗ ಒಂದು ಸಲಕ್ಕೆ ಒಂದೇ ಕೆಲಸ. ಇಲ್ಲಿ ಕಣ್ಣು ಹಂಚಿನ ಮೇಲೆ, ಕೈ ಹಿಟ್ಟಿನ ಮೇಲೆ, ಮುಖಕ್ಕೆ ಉರಿ. ಗದಗದ ಏಪ್ರಿಲ್ ಬಿಸಿಲು ಬೇರೆ. ಪಲ್ಯ, ಚಟ್ನಿ, ಅನ್ನ, ಸಾರು ಇನ್ನೂ ಉಳಿದೇ ಇರುತ್ತವೆ.

ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತ್ತು. ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಅಂಥವರು ಇದ್ದದ್ದು ನೂರಕ್ಕೆ 26 ಮಂದಿ. ಸುಮ್ನೆ ಓದಿದರೆ ಇವು ಅಂಕಿಗಳು. ಹಂಚಿನ ಮುಂದೆ ಕೂತು ಬೆವರು ಒರೆಸಿಕೊಂಡವನಿಗೆ 299 ಎಂದರೆ ಎಷ್ಟು ಎಂದು ತಿಳಿಯುತ್ತದೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ನಾವು ‘ಲಕ್ಷ’ ಎಂದು ಬೆರಗಾಗುತ್ತೇವೆ, ನೀವೂ ತಲೆಬರಹದಲ್ಲಿ ದೊಡ್ಡದಾಗಿ ಹಾಕುತ್ತೀರಿ. ಅಷ್ಟೂ ರೊಟ್ಟಿಯ ಹಿಂದೆ ಒಂದೊಂದು ಮಣಿಕಟ್ಟಿದೆ. ಇನ್ನೊಂದು ಕಡೆ, ನಮ್ಮ ಓಣಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ತಾಯಿ ಹತ್ತು ರೂಪಾಯಿ ಎಂದರೆ ‘ಒಂದು ರೊಟ್ಟಿಗಾ?’ ಎಂದು ಚೌಕಾಶಿ ಮಾಡುವವರನ್ನು ದಿನವೂ ನೋಡುತ್ತೇನೆ. ಅವರಿಗೆ ಒಂದು ಉಂಡೆ ಹಿಟ್ಟು ಕೊಟ್ಟು ‘ಬಡೀರಿ ನೋಡೋಣ’ ಅನ್ನಬೇಕು ಅನಿಸುತ್ತದೆ.

ಈಗ ಯಾರ ಮನೆಯಲ್ಲಿ ಉಂಡರೂ ನನ್ನ ಕಣ್ಣು ರೊಟ್ಟಿಯ ಅಂಚಿಗೇ ಹೋಗುತ್ತದೆ. ಅಂಚೂ ನಡುವೂ ಒಂದೇ ತೆಳುವಾಗಿದ್ದರೆ ಯಾರು ಬಡಿದದ್ದು ಎಂದು ಕೇಳಿಯೇ ಬಿಡುತ್ತೇನೆ. ಬೀಗರ ಮನೆಯಲ್ಲಿ ಹೀಗೆ ಕೇಳಿದೆ. ಒಳಗಿನಿಂದ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತಾ ಬಂದು ‘ನಾನ್ರಿ, ಯಾಕ, ಏನಾತು?’ ಎಂದು ಗಾಬರಿಯಾದರು. ಇಷ್ಟು ವರ್ಷ ರೊಟ್ಟಿಯ ಬಗ್ಗೆ ಅವರನ್ನು ಕೇಳಿದವರೆಲ್ಲ ತಪ್ಪು ಹುಡುಕಲೆಂದೇ ಕೇಳಿದ್ದರೇನೋ. ಚೆನ್ನಾಗಿದೆ ಎಂದಾಗ ಇನ್ನೆರಡು ರೊಟ್ಟಿ ತಟ್ಟೆಗೆ ಬಿದ್ದವು. ಅದು ಬೇರೆ ಕಷ್ಟ.

ಆದ್ದರಿಂದ ನನ್ನದೊಂದು ಕೋರಿಕೆ. ಅಡುಗೆ ಪುಟವನ್ನು ಅಡುಗೆ ಬರುವವರಿಗಾಗಿ ಮಾತ್ರ ಬರೆಸಬೇಡಿ. ವಾರಕ್ಕೆ ಒಂದೇ ಅಡುಗೆ ಇರಲಿ, ಅದೂ ದಿನನಿತ್ಯದ್ದು. ಪನೀರ್‌ನ ಹೊಸ ಹೊಸ ಐಟಂ ಕಡಿಮೆಯಾದರೂ ನಡೆಯುತ್ತದೆ. ಎಲ್ಲಿ ಕೆಡುತ್ತದೆ, ಕೆಟ್ಟರೆ ಹೇಗೆ ಕಾಣುತ್ತದೆ, ಒಟ್ಟು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆಸಿ. ಪಾತ್ರೆ ತೊಳೆಯುವ ಹೊತ್ತನ್ನೂ ಸೇರಿಸಿ. ಅದನ್ನು ನೋಡಿ ಒಂದಿಬ್ಬರು ಗಂಡಸರು ಅಡುಗೆಮನೆಗೆ ಹೋದರೂ ಸಾಕು.

ನನ್ನ ಹೆಂಡತಿಯ ಕೈ ಈಗ ಎಷ್ಟೋ ವಾಸಿ. ಆದರೂ ರಾತ್ರಿಯ ರೊಟ್ಟಿ ನನ್ನದೇ. ಮುಂದೆ ಪುಂಡಿ ಪಲ್ಯ ಕಲಿಯಬೇಕೆಂದಿದ್ದೇನೆ. ಸೊಪ್ಪು ಬೇಯಿಸಿದ ಮೇಲೆ ಹುಳಿನೀರು ಹಿಂಡಿ ತೆಗೆಯಬೇಕು ಅನ್ನುತ್ತಾಳೆ ಇವಳು, ಬೇಡವೇ ಬೇಡ ಅನ್ನುತ್ತಾಳೆ ನನ್ನ ತಂಗಿ. ನಿಮ್ಮ ಪುಟದವರು ಯಾರಾದರೂ ಇದನ್ನು ಬಗೆಹರಿಸಿದರೆ ಉಪಕಾರ. ಮನೆಯಲ್ಲಿ ನಾನು ಯಾರ ಪರವೂ ಮಾತಾಡುವಂತಿಲ್ಲ.

ಇಂತಿ,
ನಿಮ್ಮ ಓದುಗ, ಗದಗ