ಹಳೇ ಮ್ಯಾಪುಗಳನ್ನ ರದ್ದಿ ಥರ ಇಡಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಅಪ್ಪಯ್ಯ ಹುಟ್ಟಿದ ಊರು ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಗಿದೆ, 1964ರಲ್ಲಿ ಡ್ಯಾಮ್ ಆದಾಗ ಮುಳುಗಿದ್ದು. ಫೋನಲ್ಲಿ ಮ್ಯಾಪ್ ತೆಗೆದು ಎಷ್ಟು ದೊಡ್ಡದು ಮಾಡಿ ನೋಡಿದ್ರೂ ಬರೀ ನೀಲಿ ನೀರು. ಬೇಸಿಗೇಲಿ ನೀರು ತೀರಾ ಇಳಿದಾಗ ಹಳೇ ಹಿರೇಭಾಸ್ಕರ ಡ್ಯಾಮಾದ್ರೂ ಕಾಣತ್ತೆ, ಊರು ಎಲ್ಲಿ ಕಾಣತ್ತೆ ಹೇಳಿ?

ಕಳೆದ ತಿಂಗಳು ಒಂದು ಲೈಬ್ರರಿಗೆ ಹೋಗಿ, ಡ್ಯಾಮಿಗಿಂತ ಮುಂಚಿನ ಸರ್ವೇ ಆಫ್ ಇಂಡಿಯಾ ಟೋಪೋಶೀಟ್, ಅಂದ್ರೆ ಊರು, ದಾರಿ, ಗುಡ್ಡ ಎಲ್ಲ ತೋರಿಸೋ ಸರ್ಕಾರಿ ಮ್ಯಾಪು, ಇದ್ಯಾ ಅಂತ ಕೇಳಿದೆ. ಅಲ್ಲಿದ್ದ ಹುಡುಗ ಒಳ್ಳೆಯವನು, ಕಂಪ್ಯೂಟರಲ್ಲಿ ಹುಡುಕಿ ಇಲ್ಲ ಸಾರ್ ಅಂದ, ಆದ್ರೂ ಬಿಡದೆ ನನ್ನ ಜೊತೆ ಒಳಗೆ ಬಂದು ಹಳೇ ಗೆಜೆಟ್‌ಗಳ ಹಿಂದೆ ತಡಕಾಡಿದ, ಅಲ್ಲಿ ಒಂದು ಕಟ್ಟು ಸಿಕ್ತು, ಅದ್ರಲ್ಲಿ ನಮಗೆ ಬೇಕಾದ 48 ಜೆ/16 ಶೀಟು, ಒಂದು ಮೈಲಿಗೆ ಒಂದಿಂಚು ಲೆಕ್ಕದ್ದು. ಎಂಟು ಮಡಿಕೆ ಹಾಕಿ ಇಟ್ಟಿದ್ರಿಂದ ಮಡಿಕೆ ಇದ್ದಲ್ಲೆಲ್ಲ ಹರಿದಿದೆ, ಯಾರೋ ಸೆಲ್ಲೋಟೇಪ್ ಹಚ್ಚಿದಾರೆ, ಅದರ ಗೋಂದು ಹಳದಿಯಾಗಿ ನಮ್ಮೂರ ಹೆಸರಿನ ಅರ್ಧ ಅಕ್ಷರ ಮುಚ್ಚಿ ಹೋಗಿದೆ. ಫೋಟೋ ತೆಗೆದು ಮನೇಲಿ ತೋರಿಸಿದೆ. ಅಪ್ಪಯ್ಯ ಒಂದು ಚುಕ್ಕಿ ಗೆರೆ ಮೇಲೆ ಬೆರಳಿಟ್ಟು, ಇದೇ ಕಣೋ ನಾನು ಶಾಲೆಗೆ ಹೋಗ್ತಿದ್ದ ಕಾಲುದಾರಿ ಅಂದ್ರು, ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ಮ್ಯಾಪನ್ನ ಪುಸ್ತಕದ ಥರ ಲೇಖಕರ ಹೆಸರಲ್ಲಿ ಹುಡುಕಿದ್ರೆ ಸಿಗಲ್ಲ. ಶೀಟ್ ನಂಬರೇ ಅದರ ವಿಳಾಸ. 48 ಅನ್ನೋದು ಅಕ್ಷಾಂಶ, ರೇಖಾಂಶ ಎರಡರಲ್ಲೂ ನಾಲ್ಕು ಡಿಗ್ರಿಯ ದೊಡ್ಡ ಚೌಕ, ಅದನ್ನ ಎ ಇಂದ ಪಿ ವರೆಗೆ 16 ಭಾಗ ಮಾಡಿ, ಒಂದೊಂದನ್ನೂ ಮತ್ತೆ 16 ಮಾಡಿರ್ತಾರೆ. ಆ ನಂಬರು, ಜೊತೆಗೆ ಸರ್ವೇ ಆದ ವರ್ಷ, ಇವೆರಡನ್ನೂ ಕ್ಯಾಟಲಾಗ್‌ಗೆ ಹಾಕಿದ್ರೆ ಸಾಕು ಯಾರು ಬೇಕಾದ್ರೂ ಹುಡುಕಬಹುದು. ವರ್ಷ ಯಾಕೆ ಅಂದ್ರೆ ಒಂದೇ ನಂಬರಿನ ಶೀಟು ಬೇರೆ ಬೇರೆ ಕಾಲದಲ್ಲಿ ಪ್ರಿಂಟಾಗಿರತ್ತೆ, ಹೊಸದು ಬಂತು ಅಂತ ಹಳೇದನ್ನ ದಯವಿಟ್ಟು ಎಸೀಬೇಡಿ, ನಮ್ಮಂಥವರಿಗೆ ಬೇಕಾಗಿರೋದೇ ಹಳೇದು. ಬೆಂಗಳೂರಿನವರಿಗೂ ಅಷ್ಟೇ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಜಾಗದಲ್ಲಿ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಜಾಗದಲ್ಲಿ ಸಂಪಂಗಿ ಕೆರೆ ಹೇಗಿತ್ತು ಅಂತ ಹಳೇ ಮ್ಯಾಪಲ್ಲಿ ತಾನೇ ನೋಡಬೇಕು.

ಆಸ್ತಿ ತೆರಿಗೆ ಜೊತೆ ನಾವೆಲ್ಲ ಲೈಬ್ರರಿ ಸೆಸ್ ಕಟ್ತೀವಿ. ಅದ್ರಲ್ಲಿ ಜಿಲ್ಲೆಗೊಂದು ಲೈಬ್ರರಿಗಾದ್ರೂ, ಮ್ಯಾಪನ್ನ ಮಡಚದೆ ಚಪ್ಪಟೆಯಾಗಿ ಇಡೋ ಅಗಲದ ಡ್ರಾಯರ್ ಬೀರು ಕೊಡಿಸಿ, ಒಂದ್ಸಲ ಸ್ಕ್ಯಾನ್ ಮಾಡಿಸಿ. ಟೇಪ್ ಮಾತ್ರ ಹಚ್ಚಬೇಡಿ. ಮುಳುಗಡೆಯಾದ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದಾವೆ, ಇಂಥಾ ಊರಿತ್ತು ಅಂತ ತೋರಿಸೋಕೆ ಅವರ ಕೈಲಿ ಒಂದು ಕಾಗದನಾದ್ರೂ ಇರಲಿ.

ಆ ಕಟ್ಟಲ್ಲಿ ಇನ್ನೂ ಸುಮಾರು ಶೀಟುಗಳಿದ್ವು. ಬಿಚ್ಚಿದ್ರೆ ಹರಿಯತ್ತೆ ಅನ್ನೋ ಭಯಕ್ಕೆ ಹಾಗೇ ವಾಪಸ್ ಇಟ್ಟು ಬಂದ್ವಿ.

– ಮುಳುಗಡೆ ಕುಟುಂಬದ ಓದುಗ, ಸಾಗರ ತಾಲೂಕು