ಜೈಲಿನ ಮಾತಾಡಿದವನ ಹತ್ತಿರ ಮೊದಲು ಕಾಗದ ಕೇಳು

ಸೋಮವಾರಪೇಟೆ

ಚಿ. ಕಾವ್ಯಳಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಬ್ಯಾಂಕಿನ ಸಾಲ ಯಾಕಾಯಿತು, ಎಷ್ಟಾಯಿತು ಅಂತ ಕೆದಕುವುದಿಲ್ಲ, ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಆದರೆ ಕೊನೆಯಲ್ಲಿ ‘ಪೊಲೀಸರು ಹಿಡ್ಕೊಂಡು ಹೋಗ್ತಾರಾ ಮಾವ?’ ಅಂತ ಕೇಳಿದ್ದೀಯಲ್ಲ, ಅದನ್ನು ಓದಿದ ಮೇಲೆ ಕಣದಲ್ಲಿ ಹರಡಿದ ಕಾಫಿಯನ್ನು ಕೈಯಾಡಿಸುವುದಕ್ಕೂ ಮನಸ್ಸು ಬರಲಿಲ್ಲ.

ಇಲ್ಲ. ಕಂತು ಕಟ್ಟಲಾಗದಿರುವುದು ಸಿವಿಲ್ ವ್ಯವಹಾರ, ಅಪರಾಧವಲ್ಲ. ಬ್ಯಾಂಕು ಕೋರ್ಟಿನಿಂದ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ತೀರ್ಪು, ತಂದರೂ ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮಿನಲ್ಲೇ ಇದೆ. ಸಂಬಳ ಜಪ್ತಿ ಮಾಡಿದರೂ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವ ಹಾಗಿಲ್ಲ. ಬ್ಯಾಂಕಿನ ಪರವಾಗಿ ಸಾಲ ವಸೂಲಿ ಮಾಡುವ ಆ ಏಜೆಂಟ್ ವಾಟ್ಸಾಪಿನಲ್ಲಿ ಕಳಿಸಿದ ‘ವಾರಂಟ್’ ಇದೆಯಲ್ಲ, ವಾರಂಟ್ ಹೊರಡಿಸುವುದು ಕೋರ್ಟು, ಬ್ಯಾಂಕಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಅವನು ಫೋನು ಮಾಡುವುದೇ ರಿಸರ್ವ್ ಬ್ಯಾಂಕ್ ನಿಯಮಕ್ಕೆ ವಿರುದ್ಧ. ಬ್ಯಾಂಕಿಗೆ ಬರೆದು ದೂರು ಕೊಡು. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಒಟ್ಟು ಸಂಗ್ರಹಕ್ಕೇ, ಹಾಕಬೇಕಿದ್ದ ಕಾಲದಲ್ಲಿ ದುಡ್ಡು ಕಂತುಕಂತಾಗಿ ಬರುತ್ತಿತ್ತು, ನಡುವೆ ಕೈಸಾಲ. ಸಾಲ ಕೊಟ್ಟವರು ಗೇಟಿನ ಹತ್ತಿರ ಕಂಡರೆ ನಿನ್ನ ಅಜ್ಜ ಹಿತ್ತಲಿನಿಂದ ತೋಟಕ್ಕೆ ಇಳಿದುಬಿಡುತ್ತಿದ್ದರು. ಇದನ್ನೆಲ್ಲ ಅವರಿಗೆ ಹೇಳುವವರು ಯಾರೂ ಇರಲಿಲ್ಲ ಅನ್ನುವ ಕೊರಗು ನನಗೆ ಈಗಲೂ ಇದೆ.

ಪೊಲೀಸರು ನಿಜವಾಗಿ ಬರುವ ದಾರಿ ಒಂದಿದೆ, ಮುಚ್ಚಿಡುವುದಿಲ್ಲ. ನೀನು ಕೊಟ್ಟ ಚೆಕ್ ಅಥವಾ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಬೌನ್ಸ್ ಆದರೆ ಕ್ರಿಮಿನಲ್ ಕೇಸು ಹಾಕಬಹುದು. ಅದಕ್ಕೆ ಮೊದಲು ಲಿಖಿತ ನೋಟಿಸ್ ಕೊಡಬೇಕು, ಅದು ಕೈಸೇರಿದ ಮೇಲೆ ಹಣ ಕಟ್ಟಲು 15 ದಿನ. ಕಟ್ಟದೆ ಕೇಸಾಗಿ, ಸಮನ್ಸ್ ಬಂದರೂ ಕೋರ್ಟಿಗೆ ಹೋಗದಿದ್ದರೆ ಆಗ ವಾರಂಟ್. ಹೋದರೆ ಅಲ್ಲೇ ರಾಜಿಗೂ ಅವಕಾಶ ಉಂಟು.

ದೊಡ್ಡವನೆಂದು ಉಪದೇಶ ಮಾಡುತ್ತಿದ್ದೇನೆ ಅಂದುಕೊಳ್ಳಬೇಡ, ಆದರೂ ಕಟ್ಟುವ ಏರ್ಪಾಡಿನ ಬಗ್ಗೆ ಎರಡು ಮಾತು. ಬಾಡಿಗೆ, ಊಟ ಕಳೆದು ಎಷ್ಟು ಉಳಿಯುತ್ತದೋ ಅಷ್ಟನ್ನೇ ಹೇಳಿ, ಅವಧಿ ಹೆಚ್ಚಿಸಿ ಅಂತ ಬ್ಯಾಂಕಿಗೆ ಬರೆ. ಒಪ್ಪದಿದ್ದರೆ ಮೈಸೂರು ಕೋರ್ಟಿನ ಆವರಣದ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡು. ಕೇಸು ಹಾಕುವ ಮೊದಲೇ ಇಬ್ಬರನ್ನೂ ರಾಜಿ ಮಾಡಿಸುವ ಲೋಕ ಅದಾಲತ್‌ನಲ್ಲಿ ಕೂರಿಸುತ್ತಾರೆ, ಫೀಸಿಲ್ಲ. ಹೆಂಗಸರಿಗೆ ಆದಾಯ ನೋಡದೆ ವಕೀಲರನ್ನೂ ಕೊಡುತ್ತಾರೆ. ಆದರೆ ಅಲ್ಲಿ ಸಹಿ ಮಾಡಿದ್ದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಆ ಹೊತ್ತಿನ ಹೆದರಿಕೆಗೆ ದೊಡ್ಡ ಕಂತು ಒಪ್ಪಿಕೊಂಡವರು ಮತ್ತೆ ಸಿಕ್ಕಿಬೀಳುವುದು ಇಲ್ಲೇ.

ಸೆಟ್ಲ್‌ಮೆಂಟ್, ಅಂದರೆ ಕಡಿಮೆ ಮೊತ್ತಕ್ಕೆ ಸಾಲ ಚುಕ್ತಾ ಮಾಡೋಣ, ಅಂದರೆ ಮೊತ್ತ, ಗಡುವು, ‘ಇನ್ನು ಬಾಕಿ ಇಲ್ಲ’ ಅನ್ನುವ ಮಾತು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬರಲಿ. ದುಡ್ಡು ಸಾಲದ ಖಾತೆಗೇ ಹಾಕು, ಏಜೆಂಟನ ಫೋನ್‌ಪೇಗೆ ಬೇಡ. ಸಾಲದ ಚರಿತ್ರೆ ದಾಖಲಿಸುವ ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಬೀಳುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ. ಸಿಗದಿದ್ದರೆ ಒಳ್ಳೆಯದೇ, ಬಿಡು! 1920ರ ಕಾಯ್ದೆಯ ದಿವಾಳಿ ಅರ್ಜಿಯೂ ಇದೆ, ಆದರೆ ಆಸ್ತಿ ಕೋರ್ಟು ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಅದು ಕಟ್ಟಕಡೆಗೆ.

ಮತ್ತೆ ಹೇಳುತ್ತೇನೆ, ಫೋನಿನ ಬೆದರಿಕೆಗೆ ನಡುಗಬೇಡ, ರಿಜಿಸ್ಟರ್ ಅಂಚೆಯನ್ನು ಮಾತ್ರ ವಾಪಸ್ ಕಳಿಸಬೇಡ. ಏನೇ ಬಂದರೂ ಫೋಟೋ ತೆಗೆದು ನನಗೆ ಕಳಿಸು. ಬಂದ ತಾರೀಕನ್ನು ಲಕೋಟೆಯ ಮೇಲೇ ಬರೆದಿಡು, ನೋಟಿಸಿನ 15 ದಿನ ಎಣಿಸುವುದು ಅಲ್ಲಿಂದ.

ನಿನ್ನ ಮಾವ