ಅದು ಬರೀ ಶೋಕಿಯಲ್ಲ

ಸಂಪಾದಕರಿಗೆ,

ಎಲ್ಪಿ ರೆಕಾರ್ಡುಗಳು ಮತ್ತೆ ಬರುತ್ತಿರುವ ಬಗ್ಗೆ ಭಾನುವಾರದ ಪುರವಣಿಯಲ್ಲಿನ ಲೇಖನ ಓದಿದೆ. ಲೀನಿಯರ್ ಟ್ರ್ಯಾಕಿಂಗ್ ಟರ್ನ್‌ಟೇಬಲನ್ನು, ಅಂದರೆ ಸೂಜಿಯ ತೋಳು ತಟ್ಟೆಯ ಮೇಲೆ ನೆಟ್ಟಗೆ ಸರಿಯುವ ರೆಕಾರ್ಡ್ ಪ್ಲೇಯರನ್ನು, ‘ಎಂಬತ್ತರ ದಶಕದ ಶೋಕಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಕಾಣಲಿಲ್ಲ.

ಶೋಕಿ ಇತ್ತು, ಇಲ್ಲವೆನ್ನುವುದಿಲ್ಲ. 1984ರಲ್ಲಿ ಅಕ್ಕನ ಗಂಡ ಕುವೈತಿನಿಂದ ಒಂದನ್ನು ಹೊತ್ತು ತಂದಾಗ ಓಣಿಯವರೆಲ್ಲ ನೋಡಲು ಬಂದಿದ್ದರು. ಮುಚ್ಚಳ ಹಾಕಿ ಗುಂಡಿ ಒತ್ತಿದರೆ ತೋಳು ತಾನೇ ಸರಿದು ತಟ್ಟೆಯ ಮೇಲೆ ಇಳಿಯುತ್ತಿತ್ತು. ನಮ್ಮವ್ವ ‘ಒಳಗ ಯಾರರ ಕುಂತಾರೇನು?’ ಎಂದಿದ್ದಳು.

ಆದರೆ ಮೂಲ ತಟ್ಟೆಗೆ ಗೀರು ಕೊರೆಯುವ ಯಂತ್ರ ಅಂಚಿನಿಂದ ನಡುವಿಗೆ ನೆಟ್ಟಗೆ ಸರಿಯುತ್ತದೆ. ಸಾಮಾನ್ಯ ಪ್ಲೇಯರಿನ ತೋಳೋ, ಮೂಲೆಯ ಕೀಲಿಗೆ ಸಿಕ್ಕಿಕೊಂಡು ಬಾಗಿಲಿನ ಹಾಗೆ ತಿರುಗುತ್ತದೆ. ಕೊರೆದ ಕೋನ ಬೇರೆ, ಸೂಜಿ ಕೂರುವ ಕೋನ ಬೇರೆ. ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೇ, ಆದರೂ ಒಳಗಿನ ಗೀರುಗಳಲ್ಲಿ ಕಿವಿಗೆ ಬೀಳುತ್ತದೆ. ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಸರಿಯುವ ಗೀರು ಅಲ್ಲಿ 21ಕ್ಕೆ ಇಳಿದಿರುತ್ತದೆ, ಅಷ್ಟೇ ಹೊತ್ತಿನ ಹಾಡು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಯಬೇಕು. ನಮ್ಮ ಸಂಗೀತದ ದುರ್ದೈವ ನೋಡಿ: ಮಲ್ಲಿಕಾರ್ಜುನ ಮನ್ಸೂರರು ವಿಲಂಬಿತ್‌ನಲ್ಲಿ ನಿಧಾನವಾಗಿ ರಾಗ ಬಿಡಿಸುವುದು ಅಂಚಿನ ವಿಶಾಲ ಜಾಗದಲ್ಲಿ, ಸ್ವರಗಳು ಸರಸರ ಓಡುವ ದ್ರುತ್ ತಾನುಗಳೆಲ್ಲ ಲೇಬಲ್ ಪಕ್ಕದ ಇಕ್ಕಟ್ಟಿನಲ್ಲಿ! ನಮ್ಮ ಹಳೆಯ ಪ್ಲೇಯರಿನಲ್ಲಿ ಒಂದಕ್ಕೊಂದು ಮೆತ್ತಿಕೊಂಡಂತಿದ್ದ ಆ ತಾನುಗಳು ಇದರಲ್ಲಿ ಬಿಡಿಬಿಡಿಯಾಗಿ ಕೇಳಿದವು. (ಸೂಜಿಯೂ ಹೊಸದಿತ್ತು ಅನ್ನಿ. ಗೀರಿನ ವೇಗ ಇಳಿಯುವುದಕ್ಕಂತೂ ಇದರಲ್ಲೂ ಮದ್ದಿಲ್ಲ.)

1972ರಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಆಂಡ್ ಓಲುಫ್ಸೆನ್ ಕಂಪನಿ ಇಂಥದೇ ‘ಬಿಯೋಗ್ರಾಮ್ 4000’ ತಂದಿತ್ತು. ಆಮೇಲೆ ಟೆಕ್ನಿಕ್ಸ್‌ನವರು ಎಲ್ಪಿ ಕವರಿನಷ್ಟೇ ಅಗಲದ ಎಸ್‌ಎಲ್-10 ಮಾಡಿದರು. 1982ರಲ್ಲಿ ಸಿ.ಡಿ. ಬಂತು. ಗುಂಡಿ ಒತ್ತಿ ಸುಮ್ಮನೆ ಕೂರುವ ಸುಖ ಅದರಲ್ಲೂ ಇತ್ತು, ಕರಕರ ಸದ್ದು ಇರಲಿಲ್ಲ. ಈಗ ಎಲ್ಪಿಗೆ ಮರಳಿದವರಿಗೆ ಸೂಜಿಯನ್ನು ತಾವೇ ಕೈಯಾರೆ ಇಳಿಸುವ ಆಸೆ. ಹೀಗಾಗಿ ತೋಳು ತಾನೇ ಸರಿಯುವ ಈ ಪ್ಲೇಯರು ಆಗಲೂ ಈಗಲೂ ಯಾರಿಗೂ ಬೇಡವಾಯಿತು.

ರಿಪೇರಿಯ ಕಷ್ಟವೂ ನಿಜ. ನನ್ನದರಲ್ಲಿ ತೋಳು ಎಳೆಯುವ ಸಣ್ಣ ರಬ್ಬರ್ ಬೆಲ್ಟು ಬೆಲ್ಲದ ಪಾಕದಂತೆ ಕರಗಿ ಚಕ್ರಕ್ಕೆ ಅಂಟಿತ್ತು. ಹುಬ್ಬಳ್ಳಿಯ ರಿಪೇರಿಯವನು ‘ಇದಕ್ಕ ನಾ ಕೈ ಹಚ್ಚಂಗಿಲ್ರಿ ಸರ’ ಎಂದು ವಾಪಸ್ ಕೊಟ್ಟ. ಕೊನೆಗೆ ನಾನೇ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಚಕ್ರ ಒರೆಸಿ, ಕೆಟ್ಟ ಟೇಪ್ ರೆಕಾರ್ಡರಿನ ಬೆಲ್ಟು ಹಾಕಿದೆ. ತುಸು ಸಡಿಲ. ಹೊರಡುವ ಮೊದಲು ತೋಳು ಒಂದು ಗಳಿಗೆ ಯೋಚಿಸುತ್ತದೆ.

ಲೇಖಕರು ಧಾರವಾಡದ ಕಡೆ ಬಂದರೆ ಮನೆಗೆ ಬರಲಿ. ಮನ್ಸೂರರ ತಟ್ಟೆಯ ಕೊನೆಯ ಮೂರು ನಿಮಿಷವನ್ನು ಎರಡೂ ಪ್ಲೇಯರಿನಲ್ಲಿ ಹಾಕಿ ಕೇಳಿಸುತ್ತೇನೆ.

– ನಿವೃತ್ತ ಬ್ಯಾಂಕ್ ನೌಕರ, ಸಪ್ತಾಪುರ, ಧಾರವಾಡ